ಕಂಬಳಿಯ ಮೂಲೆಗಂಟು

ಆ ಕಂಬಳಿ ನಾನು ನೇಯ್ದದ್ದಲ್ಲ. ನೋಡಿದ ಮೊದಲ ಗಳಿಗೆಯಲ್ಲೇ ನನಗದು ಗೊತ್ತಾಗಿತ್ತು. ಆದರೂ ಬೀರದೇವರ ಗುಡಿಯ ಮುಂದೆ, ಊರಿನವರೆಲ್ಲರ ಎದುರು, ಅದರ ಮೇಲೆ ಅಂಗೈ ಊರಿ "ನಂದೇ ಕೈ" ಎಂದೆ. ಆ ಒಂದು ಮಾತಿನಿಂದ, ಗಂಡ ಬದುಕಿದ್ದ ಹೆಂಗಸೊಬ್ಬಳ ಕುಂಕುಮ ಅಳಿಸಿದರು. ಗಂಡ ಸತ್ತುಹೋದ ಇನ್ನೊಬ್ಬಳು ಇವತ್ತಿಗೂ ಹಣೆತುಂಬ ಕುಂಕುಮ ಇಟ್ಟುಕೊಂಡು ಅವನ ದಾರಿ ಕಾಯುತ್ತಿದ್ದಾಳೆ. ಯಾಕೆ ಹಾಗೆ ಹೇಳಿದೆ — ಏಳು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ದಿನಕ್ಕೊಂದು ಉತ್ತರ ಹೊಳೆಯುತ್ತದೆ, ಯಾವುದೂ ಪೂರ್ತಿ ನಿಜ ಅನ್ನಿಸುವುದಿಲ್ಲ.

ನಾನು ನಾಗಪ್ಪ. ಜಗಳೂರಿನಿಂದ ಎರಡು ಹರದಾರಿ ದೂರದ ಹಳ್ಳಿಯವನು, ಕಂಬಳಿ ನೇಯುವವನು. ಚಿಕ್ಕಂದಿನಲ್ಲಿ ನಾಲ್ಕಕ್ಷರ ಕಲಿತದ್ದರಿಂದ ಇದನ್ನು ನಾನೇ ಬರೆಯುತ್ತಿದ್ದೇನೆ. ಇನ್ನೊಬ್ಬರ ಹತ್ತಿರ ಹೇಳಿ ಬರೆಸುವ ಧೈರ್ಯ ಇಲ್ಲ, ಅದೂ ಒಂದು ಕಾರಣ.

ನೇಯ್ಗೆ ಕಲಿತದ್ದು ನ್ಯಾಮತಿ ಕಡೆಯ ಸಿದ್ದಜ್ಜನ ಹತ್ತಿರ. ಮೂರು ವರ್ಷ ಅವನ ಮನೆಯಲ್ಲಿ ಉಂಡು, ಅವನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಲಿತೆ. ಅಜ್ಜ ಬಲು ಸಿಡುಕ. ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿ, ನಾವು ಸರಿ ಅನ್ನುವುದು, ಕಡಿಮೆಯಾದರೆ ಮಗ್ಗದಿಂದ ಎಬ್ಬಿಸಿಬಿಡುತ್ತಿದ್ದ. ಕಂಬಳಿ ಮುಗಿದ ಮೇಲೆ ನಾಲ್ಕು ಮೂಲೆಯಲ್ಲೂ ಮೂರು ಎಳೆ ಸೇರಿಸಿ ಗಂಟು ಹಾಕಿ, ಆ ಗಂಟನ್ನು ನೇಯ್ಗೆಯ ಒಳಕ್ಕೆ ತಿರುಗಿಸಿ ಅಡಗಿಸುತ್ತಿದ್ದ. ಮೂಲೆಯನ್ನು ಬೆರಳಿನಿಂದ ಹಿಸುಕಿದರೆ ಮಾತ್ರ ಒಳಗೊಂದು ಕಡಲೆಕಾಳು ಇದ್ದಹಾಗೆ ಸಿಗುತ್ತದೆ. ಆ ಗಂಟು ಹಾಕುವವರು ನಮ್ಮ ಸೀಮೆಯಲ್ಲಿ ಇಬ್ಬರೇ — ಸಿದ್ದಜ್ಜ, ಮತ್ತೆ ನಾನು.

ಆಮೇಲೆ ಯುದ್ಧ ಬಂತು. ಯಾರ ಮೇಲೆ ಯಾರು ಯಾಕೆ ಏರಿಹೋದರೋ, ನಮಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ದಂಡಿಗೆ ಕಂಬಳಿ ಬೇಕು, ಎಷ್ಟಿದ್ದರೂ ಬೇಕು, ಬೇಗ ಬೇಕು. ಗುತ್ತಿಗೆದಾರನ ಮಂದಿ ವಾರಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಉದ್ದ ನೋಡುತ್ತಿದ್ದರು, ತೂಕ ನೋಡುತ್ತಿದ್ದರು. ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಮುಟ್ಟದವನಿಗೆ ಚೆನ್ನಾಗಿ ನೇಯ್ದು ಏನಾಗಬೇಕು? ಉಣ್ಣೆಯ ಜೊತೆ ಮೇಕೆಕೂದಲು ಸೇರಿಸಿದೆ. ಸರಿ ಅರ್ಧಕ್ಕೆ ಇಳಿಸಿದೆ. ಮೂಲೆಗಂಟು ಬಿಟ್ಟೇಬಿಟ್ಟೆ. ನಾಚಿಕೆಯಾಗಿತ್ತೆ? ಮೊದಮೊದಲು ಆಗಿತ್ತು ಅಂತ ನೆನಪು.

ಪಕ್ಕದ ಮನೆಯ ಹನುಮವ್ವ ನನಗೆ ಅಕ್ಕನಂತೆ. ಅವಳ ಒಬ್ಬನೇ ಮಗ ಬೀರಪ್ಪ ನನ್ನನ್ನು ಮಾವ ಎಂದು ಕರೆಯುತ್ತಿದ್ದ. ಕುರಿ ಕಾಯುತ್ತಿದ್ದ ಗಟ್ಟಿಮುಟ್ಟಾದ ಆಳು, ಮದುವೆಯಾಗಿ ಇನ್ನೂ ಎರಡು ವರ್ಷ. ದಂಡಿಗೆ ಸೇರಿಸಿಕೊಳ್ಳುವವರು ಜಗಳೂರಿಗೆ ಬಂದಾಗ ನೋಡಿಬರುತ್ತೇನೆಂದು ಹೋದವನು, ಹೆಸರು ಬರೆಸಿಯೇ ಬಂದ. ಹನುಮವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಎದ್ದು, ತನ್ನ ಕುರಿಮರಿಗಳ ಮೊದಲ ಕತ್ತರಿಯ ಕರಿ ಉಣ್ಣೆಯನ್ನು ತಾನೇ ನೂತು ತಂದುಕೊಟ್ಟಳು.

"ತಮ್ಮಾ, ನನ್ನ ಮಗ ಹೊತ್ಕೊಂಡು ಹೋಗಾಕೆ ಒಂದು ಕಂಬ್ಳಿ ಮಾಡಿಕೊಡು. ನೀರು ಇಳೀಬಾರದು ನೋಡು" ಎಂದಳು.

ಆ ನೂಲನ್ನು ಕೈಯಲ್ಲಿ ಹಿಡಿದದ್ದು ಈಗಲೂ ನೆನಪಿದೆ. ಅದೇ ವಾರ ಗುತ್ತಿಗೆದಾರ ಮೇಲಿನವರಿಗೆ ತೋರಿಸಲು ಒಂದು ಮಾದರಿ ಕಂಬಳಿ ಕೇಳಿದ್ದ. ಅದು ಒಪ್ಪಿಗೆಯಾದರೆ ವರ್ಷವಿಡೀ ಮಗ್ಗಕ್ಕೆ ಕೆಲಸ. ಹನುಮವ್ವನ ನೂಲು ಆ ಮಾದರಿಗೆ ಹೋಯಿತು. ಹೋಯಿತು ಅಂದರೆ — ನಾನೇ ಹಾಕಿದೆ. ಬೀರಪ್ಪನಿಗೆ ದಂಡಿನ ರಾಶಿಯಿಂದ ಒಂದು ಎಳೆದು, ನಯವಾಗಿ ಮಡಚಿ ಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಗಾಡಿ ತಿರುವು ದಾಟುವವರೆಗೂ ಅವನ ಹೆಂಡತಿ ಮಾಳವ್ವ ಬೇಲಿ ಹಿಡಿದು ನಿಂತಿದ್ದಳು. ನಾನು ಆ ಕಂಬಳಿಯನ್ನೇ ನೋಡುತ್ತಿದ್ದೆ.

ಮುಂದಿನ ವರ್ಷ ಸಿಂಗಾಪುರ ಬಿತ್ತಂತೆ ಎಂಬ ಸುದ್ದಿ ಬಂತು. ಬೀರಪ್ಪ ಅಲ್ಲಿಯೇ ಇದ್ದಾನೆಂದು ಅದಕ್ಕೂ ಮೊದಲು ಬಂದ ಒಂದೇ ಒಂದು ಕಾಗದದಲ್ಲಿತ್ತು. ಆಮೇಲೆ ಏನೂ ಇಲ್ಲ. ಸತ್ತ ಅಂತಲೂ ಇಲ್ಲ, ಇದ್ದಾನೆ ಅಂತಲೂ ಇಲ್ಲ. ಊಟಕ್ಕೆ ಕೂತರೆ ಹನುಮವ್ವ ಅವನಿಗೂ ಒಂದು ತಟ್ಟೆ ಇಡುತ್ತಿದ್ದಳು. ಮಾಳವ್ವ ಮಾತು ಬಿಟ್ಟಳು.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಒಂದು ಕಾಲು ಎಳೆಯುತ್ತ ಒಬ್ಬ ಬಂದ. ಚನ್ನಗಿರಿಯ ಇಮಾಂಸಾಬ್ರು, ದಂಡಿನಲ್ಲಿದ್ದವರು. ಸಿಂಗಾಪುರ ಬೀಳುವ ಮುಂಚೆ ಗಾಯಗೊಂಡವರನ್ನು ತುಂಬಿಕೊಂಡು ಬಂದ ಹಡಗಿನಲ್ಲಿ ಅವರೂ ಬಂದಿದ್ದರು. ಕಂಕುಳಲ್ಲಿ ಒಂದು ಕಂಬಳಿ ಇತ್ತು.

"ನನ್ನ ಮಗ್ಗುಲಾಗೆ ಮಲಗಿದ್ದ, ಯಜಮಾನ್ರೇ. ತಲೆಗೆ ಪೆಟ್ಟು ಬಿದ್ದು ಮಾತೇ ನಿಂತಿತ್ತು. ಒಂದ್ಸಲ 'ಅವ್ವಾ' ಅಂದ, ಅದ್ರಾಗೆ ನಮ್ಮ ಕಡೆಯವನು ಅಂತ ಗೊತ್ತಾತು. ಹೆಸರು ಯಾರಿಗೂ ಗೊತ್ತಿಲ್ಲ. ಹೆಣ ಸಮುದ್ರಕ್ಕೆ ಬಿಟ್ರು. ಇದನ್ನ ಮನೆಗೆ ಮುಟ್ಟಿಸ್ತೀನಿ ಅಂತ ಅವನ ಕೈ ಹಿಡಿದು ಹೇಳಿದ್ದೆ. ಜಗಳೂರು ಸೀಮೆಯಾಗೆ ನೇಯೋರು ಜಾಸ್ತಿ ಅಂತ ಇಲ್ಲಿಂದ ಶುರು ಮಾಡೀನಿ. ನೋಡಿ ಹೇಳ್ರಿ. ನಿಮ್ದಲ್ಲ ಅಂದ್ರೆ ಮುಂದಿನ ಊರಿಗೆ ಹೋಗ್ತೀನಿ."

ಮುಂದಿನ ಊರಿಗೆ ಹೋಗ್ತೀನಿ — ಅಷ್ಟು ಸುಲಭವಿತ್ತು. ನಾನು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಆ ಮನುಷ್ಯ ಕುಂಟಿಕೊಂಡೇ ಊರೂರು ತಿರುಗಿ ಒಂದು ದಿನ ನ್ಯಾಮತಿ ಮುಟ್ಟುತ್ತಿದ್ದ.

ನಮ್ಮಲ್ಲಿ ಕಂಬಳಿಯೆಂದರೆ ದೇವರ ಗದ್ದಿಗೆ. ಅದನ್ನು ಹಾಸಿ, ಭಂಡಾರದ ಅರಿಶಿನ ಚೆಲ್ಲಿ, ಮೇಲೆ ಕೈಯಿಟ್ಟು ಆಡಿದ ಮಾತಿಗೆ ಎದುರು ಮಾತಿಲ್ಲ. ಗುಡಿಯ ಮುಂದೆ ಅದೇ ಕಂಬಳಿ ಹಾಸಿದರು. ಮೊದಲು ಹನುಮವ್ವ ಬಂದು ಕೂತು ಮೆಲ್ಲಗೆ ಸವರಿದಳು.

"ನಮ್ಮ ಕುರಿ ಉಣ್ಣೆ ಅನ್ಸಾಕಿಲ್ಲ" ಎಂದಳು. ನನ್ನ ಕಡೆ ತಿರುಗಿದಳು. "ನನ್ನ ಕೈಗೆ ಏನು ತಿಳೀತೈತೆ. ನೇಯ್ದೋನು ನೀನು, ನೀನೇ ಹೇಳಪ್ಪ."

ನಾನು ಕೂತೆ. ಮೂಲೆ ಹಿಸುಕಿದೆ. ಕಡಲೆಕಾಳು ಸಿಕ್ಕಿತು. ಅಜ್ಜನ ಕೈ! ಎಂಥ ನೇಯ್ಗೆ ಅದು — ಸಮುದ್ರದ ಉಪ್ಪು, ರಕ್ತ, ಏನೇನೋ ಕುಡಿದಿತ್ತು, ಆದರೂ ಒಂದೆಳೆ ಜಗ್ಗಿರಲಿಲ್ಲ. ಹಿರಿಯರೊಬ್ಬರು ಬಗ್ಗಿ ತಾವೂ ಮೂಲೆ ಹಿಸುಕಿ, "ಇದು ನಮ್ಮ ನಾಗಪ್ಪನ ಗಂಟೇ ಅಲ್ಲೇನು? ಆಹಾ, ಏನು ಕೆಲಸ!" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಅಲ್ಲ ಎಂದರೆ — ಹಾಗಾದರೆ ನಿನ್ನದು ಹೇಗಿತ್ತು, ನಾನು ಕೊಟ್ಟ ನೂಲು ಏನಾಯಿತು ಎಂದು ಹನುಮವ್ವ ಕೇಳುತ್ತಾಳೆ. ಆ ಹೆದರಿಕೆ ಇತ್ತು, ನಿಜ. ಆದರೆ ಅದೊಂದೇ ಅಲ್ಲ. ಆ ಕಂಬಳಿ ನನ್ನದಾಗಿರಬೇಕಿತ್ತು ಎಂಬ ಆಸೆ... ನಾನೂ ಹೀಗೆ ನೇಯುತ್ತಿದ್ದೆನಲ್ಲ, ಒಂದು ಕಾಲಕ್ಕೆ. ಆ ಗಳಿಗೆಯಲ್ಲಿ ನನ್ನದೇ ಅನ್ನಿಸಿಯೂ ಬಿಟ್ಟಿತೇನೋ. ಒಬ್ಬ ಮನುಷ್ಯನ ಸಾವು ಬದುಕಿನ ಪ್ರಶ್ನೆ ಕೇಳುತ್ತಿದ್ದಾರೆ ಎಂಬುದೇ ಮರೆತುಹೋಯಿತೆ? ಮರೆಯುವಂಥದ್ದೆ ಅದು?

"ನಂದೇ ಕೈ" ಎಂದೆ.

ಹನುಮವ್ವ ಕಿರುಚಲಿಲ್ಲ. ಆ ಕಂಬಳಿಯ ಮೇಲೆಯೇ ಮಗ್ಗುಲಾಗಿ ಮಲಗಿಬಿಟ್ಟಳು. ಇಮಾಂಸಾಬ್ರು ಕಣ್ಣೊರೆಸಿಕೊಂಡು, "ಅಂತೂ ಮನೆ ಮುಟ್ಟಿದ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಹೆಣವಿಲ್ಲದ್ದಕ್ಕೆ ಕಂಬಳಿಯನ್ನೇ ಹೂತರು. ಅದನ್ನು ಸುತ್ತುವಾಗ ನಾನು ಯಾರಿಗೂ ಕಾಣದಂತೆ ಒಂದು ಮೂಲೆ ಕತ್ತರಿಸಿಕೊಂಡೆ. ಯಾಕೆ ಎಂದು ಕೇಳಬೇಡಿ. ಗುರುತು ಅಳಿಸಲೆಂದಾದರೆ ನಾಲ್ಕೂ ಕತ್ತರಿಸಬೇಕಿತ್ತು. ಆ ಮೂಲೆ ಇನ್ನೂ ನನ್ನ ಮಗ್ಗದ ಮೇಲಿನ ಸೂರಿನಲ್ಲಿದೆ. ಸರ್ಕಾರದ ಕಾಗದ ಬರಲೇ ಇಲ್ಲ. ನೇಯ್ದವನೇ ಹೇಳಿದ ಮೇಲೆ ಕಾಗದ ಯಾಕೆ ಎಂದರು ಊರವರು.

ಮರುವರ್ಷ ಮಾಳವ್ವನನ್ನು ತವರಿನವರು ಹೊನ್ನಾಳಿ ಕಡೆ ಉಡಿಕೆ ಮಾಡಿಕೊಟ್ಟರು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸುವುದು ನಮ್ಮವರ ಪದ್ಧತಿ. ಹೊರಡುವ ದಿನ ನನ್ನ ಕಾಲಿಗೆ ಬಿದ್ದು, "ಮಾವಾ, ನೀನೊಂದು ಮಾತು ಹೇಳಿದ್ದಕ್ಕೆ ನನ್ನ ಜೀವಕ್ಕೆ ಒಂದು ದಾರಿ ಆತು" ಎಂದಳು. ಸುಳ್ಳು ಹೇಳಿ ಒಳ್ಳೆಯದು ಮಾಡಿದೆನೇ ಎಂದು ಕೆಲವು ತಿಂಗಳು ಸಮಾಧಾನವನ್ನೂ ಪಟ್ಟೆ.

ಯುದ್ಧ ಮುಗಿದು ಕೆಲವು ತಿಂಗಳಾಗಿತ್ತು, ಬೀರಪ್ಪ ಬಂದ. ಜಗಳೂರಿನಲ್ಲಿ ಬಸ್ಸು ಇಳಿದು ನಡೆದು ಬಂದಿದ್ದ. ಮೂರು ವರ್ಷಕ್ಕೂ ಮೇಲೆ ಜಪಾನಿನವರ ಸೆರೆಯಲ್ಲಿದ್ದನಂತೆ. ಕುರಿ ಎತ್ತಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದವನ ಹೆಗಲೇ ಇರಲಿಲ್ಲ. ಹನುಮವ್ವ ಮಗನ ಮೈ ಮುಟ್ಟಿ ಮುಟ್ಟಿ ನೋಡಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಅವಳ ಕೈಗೆ ನಿಜ ತಿಳಿದಿತ್ತಲ್ಲ, ನನ್ನ ಮಾತು ನಂಬಿ ತನ್ನ ಕೈಯನ್ನೇ ನಂಬದೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಬೀರಪ್ಪ ನನ್ನ ಮಗ್ಗದ ಹತ್ತಿರ ಬಂದು ಕೂತ. ಹೆಗಲ ಮೇಲೆ ನಾನು ಕೊಟ್ಟ ಕಂಬಳಿ. ಗೋಣಿ, ಟೆಂಟಿನ ಬಟ್ಟೆ, ಏನು ಸಿಕ್ಕಿತೋ ಅದರ ತೇಪೆ ಹಾಕಿದ್ದ. ಮೂಲ ಕಂಬಳಿ ಅರ್ಧವೂ ಉಳಿದಿರಲಿಲ್ಲ.

"ಇದೇ ನನ್ನ ಕಾಯ್ದಿದ್ದು, ಮಾವಾ. ಅವ್ವ ನೂತಿದ್ದು, ನೀನು ನೇಯ್ದಿದ್ದು ಅಂತ ಒಂದಿನಾನೂ ಬಿಡಲಿಲ್ಲ" ಎಂದ.

ಅವನು ಮಾಳವ್ವನ ವಿಷಯ ತೆಗೆಯಲಿಲ್ಲ. ಯಾರು ತಾನೇ ತಪ್ಪುವುದಿಲ್ಲ, ಕಂಬಳಿ ಕಂಬಳಿ ಒಂದೇ ಥರ ಕಾಣುತ್ತವೆ ಎಂದು ನನಗೇ ಸಮಾಧಾನ ಹೇಳಿದ. ಎದ್ದು ಹೊರಡುವಾಗ ಮಾತ್ರ, "ಹಂಗಾದ್ರೆ ಹೂತಿದ್ದು ಯಾರ್ದು ಮಾವಾ?" ಎಂದು ಕೇಳಿದ.

"ಗೊತ್ತಿಲ್ಲಪ್ಪ" ಎಂದೆ.

ಮೊದಲ ಸುಳ್ಳಿಗೆ ಗಲಿಬಿಲಿ ಎಂದೋ ಹೆಮ್ಮೆ ಎಂದೋ ಹೆಸರಿಡಬಹುದು. ಇದಕ್ಕೆ ಏನು ಹೆಸರು? ಎದುರಿಗೆ ಕೂತವನು ಕ್ಷಮಿಸಿಯೇ ಬಂದಿದ್ದ. ನ್ಯಾಮತಿ ಎಂಬ ಮೂರಕ್ಷರ ಹೇಳಿದ್ದರೆ ಆಗುತ್ತಿತ್ತು. ಬಾಯಿ ಬರಲಿಲ್ಲ. ಅವನು ಒಂದು ಸಲ ಹೊನ್ನಾಳಿಗೆ ಹೋಗಿ, ಸಂತೆಯಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಮಾಳವ್ವನನ್ನು ದೂರದಿಂದಲೇ ನೋಡಿ ಬಂದ ಎಂದು ಆಮೇಲೆ ತಿಳಿಯಿತು. ಮತ್ತೆ ಮದುವೆಯಾಗಲಿಲ್ಲ. ಈಗಲೂ ಕುರಿ ಕಾಯುತ್ತಾನೆ.

ನಾನು ಮತ್ತೆ ಸರಿಯಾಗಿ ನೇಯತೊಡಗಿದೆ. ಸರಿ ತುಂಬ ಹಾಕುತ್ತೇನೆ, ಮೂಲೆಗಂಟು ಬಿಡುವುದಿಲ್ಲ. ಅದರಿಂದ ಪಾಪ ಕಳೆಯುತ್ತದೆಂದು ಮೂರ್ಖನ ಹಾಗೆ ಅಂದುಕೊಂಡಿದ್ದೆ. ಕಳೆದ ವಾರ ಸಂತೇಬೆನ್ನೂರಿನ ಸಂತೆಯಲ್ಲಿ ಕಂಬಳಿ ಹರವಿಕೊಂಡು ಕೂತಿದ್ದೆ. ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು, ಹಣೆಯಲ್ಲಿ ಅಗಲ ಕುಂಕುಮ, ಕಂಬಳಿ ಅಂಗಡಿಗಳ ಸಾಲಿನಲ್ಲಿ ಒಂದೊಂದರ ಮುಂದೂ ಕೂತು ಏಳುತ್ತ ಬಂದಳು. ಬೆಲೆ ಕೇಳುತ್ತಿರಲಿಲ್ಲ. ಮೂಲೆ ಹಿಸುಕುತ್ತಿದ್ದಳು. ನನ್ನ ಕಂಬಳಿಯ ಮೂಲೆ ಹಿಸುಕಿದವಳೇ ಬಿಗಿಯಾಗಿ ಹಿಡಿದುಕೊಂಡಳು.

"ಇದು ಯಾರ ಕೈಯ್ದು, ಅಣ್ಣಾ?"

"ನಂದೇ" ಎಂದೆ. ಈ ಸಲ ಅದು ನಿಜವಾಗಿತ್ತು.

ಅರಳಿದ್ದ ಅವಳ ಮುಖ ಬಾಡಿತು. "ನಮ್ಮೂರು ನ್ಯಾಮತಿ ತಾವ. ನಮ್ಮನೆಯೋರು ದಂಡಿಗೆ ಹೋಗುವಾಗ ಇಂಥದ್ದೇ ಹೊತ್ಕೊಂಡು ಹೋಗಿದ್ರು. ನೇಯ್ದ ಸಿದ್ದಜ್ಜ ಈಗಿಲ್ಲ. ಆ ಕಂಬ್ಳಿ ಎಲ್ಲಾದ್ರೂ ಕಂಡ್ರೆ ಅವರ ಸುಳಿವು ಸಿಕ್ಕೀತು ಅಂತ ಸಂತೆ ಸಂತೆ ನೋಡ್ತೀನಿ ಅಣ್ಣಾ. ನೀವು ಎಲ್ಲಾದ್ರೂ ನೋಡಿದ್ರೇನು?"

ನಾನು ಏನು ಹೇಳಿದೆ? ಏನೂ ಹೇಳಲಿಲ್ಲ. ತಲೆಯನ್ನೂ ಆಡಿಸಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ನನಗೆ ಕಿವಿ ಕೇಳದೇನೋ ಅಂದುಕೊಂಡು, ಪಕ್ಕದ ಅಂಗಡಿಗೆ ಹೋಗಿ ಕೂತಳು. ಅಲ್ಲಿಯೂ ಮೂಲೆ ಹಿಸುಕಿದಳು.

ಇದನ್ನು ಬರೆದು ಮುಗಿಸಿದ ಮೇಲೆ ಮೊದಲು ಬೀರಪ್ಪನ ಹಟ್ಟಿಗೆ ಹೋಗಿ ಅವನಿಗೆ ಓದಿ ಹೇಳುತ್ತೇನೆ, ಅವನ ಅವ್ವನ ನೂಲಿನ ವಿಷಯವನ್ನೂ ಬಿಡದೆ. ಆಮೇಲೆ ಅವನು ನನ್ನ ಜೊತೆ ಬರುತ್ತಾನೋ, ಮುಖಕ್ಕೆ ಉಗಿಯುತ್ತಾನೋ ನನಗೆ ಗೊತ್ತಿಲ್ಲ. ಮಾಳವ್ವನಿಗೆ ಹೇಳಬೇಕೋ ಬೇಡವೋ, ಅದೂ ಬಗೆಹರಿದಿಲ್ಲ. ಆದರೆ ಮುಂದಿನ ಸಂತೆಯ ದಿನ ಆ ಹೆಂಗಸು ಬಂದು ಕೂತಾಗ, ಸೂರಿನಿಂದ ತೆಗೆದ ಆ ಕರಿ ಮೂಲೆಯನ್ನು ಅವಳ ಅಂಗೈಯಲ್ಲಿ ಇಡುತ್ತೇನೆ. ಅವಳು ಹಿಸುಕಿ ನೋಡುತ್ತಾಳೆ. ಯಾರ ಕೈ ಎಂದು ಕೇಳುತ್ತಾಳೆ. ಅವತ್ತು ಗುಡಿಯ ಮುಂದೆ ಹೇಳಬೇಕಾಗಿದ್ದದ್ದನ್ನು ಅವಳಿಗೆ ಹೇಳಬೇಕು — ಇದು ನನ್ನದಲ್ಲ ತಾಯಿ, ನಿನ್ನ ಗಂಡನದು.