ಡಬ್ಬಿಯೋ ಚೀಲವೋ

ಗೊಳಸಂಗಿಯಲ್ಲಿ ಸಂಜೆಯಾದರೆ ನೆಟ್ ತೆವಳುತ್ತದೆ ಎಂಬ ದೂರಿತ್ತು. ಟವರಿನ ಮೇಲೆ ಬೀಳುವ ಭಾರವನ್ನು ಹಂಚುವುದು ನನ್ನ ಕೆಲಸ. ಮಾತಿನ ಕರೆಗೆ ಮೊದಲ ದಾರಿ, ವಿಡಿಯೊ ಏನೇ ಇದ್ದರೂ ಕೊನೆಗೆ ಎಂದು ನಿಯಮ ಹಾಕಿದೆ. ಮೂರು ದಿನ ಬಿಟ್ಟು, ಸರಿಹೋಗಿದೆಯೇ ಎಂದು ಅಳೆಯಲು ಮೀಟರು ಹಿಡಿದು ಊರು ಸುತ್ತಿದೆ.

ಹಿಟ್ಟಿನ ಗಿರಣಿಯ ಮುಂದೆ ಕುತೂಹಲದಿಂದ ನಿಂತುಬಿಟ್ಟೆ. ಗಿರಣಿಯ ಶಾಂತವ್ವ ಚೀಲ ತಂದವರನ್ನು ಕಾಯಲು ಕೂರಿಸಿ, ಸಣ್ಣ ಡಬ್ಬಿಯವರಿಗೆ ಮೊದಲು ಬೀಸಿಕೊಡುತ್ತಿದ್ದರು. ಮೀಟರು ಕಂಡು ಕೇಳಿದರು: "ಫೋನಿಗೆ ನೀವ ಏನರ ಮಾಡೀರೇನ್ರಿ?"

"ನಿಮ್ಮ ಪಾಳೀನ ಹಚ್ಚೇವ್ರಿ. ಮಾತು ಅಂದ್ರ ಡಬ್ಬಿ, ವಿಡಿಯೊ ಅಂದ್ರ ಚೀಲ," ಎಂದೆ ಜಂಬದಿಂದ.

ಶಾಂತವ್ವ ಮೋಟರು ಬಂದ್ ಮಾಡಿದರು.

"ನನ್ನ ಮಗಗ ಕಿವಿ ಕೇಳಂಗಿಲ್ರಿ, ಬಾಯೀನೂ ಬರಂಗಿಲ್ಲ. ಮುದ್ದೇಬಿಹಾಳದಾಗ ಅರಿವಿ ಹೊಲಿತಾನ. ದಿನಾ ಸಂಜಿಕ ಫೋನಿನ್ಯಾಗ ಕೈ ಮಾಡಿ ಮಾತಾಡ್ತಾನ. ಮೂರು ದಿನ ಆತು, ಅವನ ಕೈ ನಡುವ ನಿಂತ ಬಿಡ್ತಾವ. ಅವನ ಮಾತು ಡಬ್ಬಿಯೋ, ಚೀಲವೋ?"

ನಾನು ಮೀಟರು ನೋಡಿದೆ. ಅದರಲ್ಲಿ ಎಲ್ಲವೂ ಹಸಿರಾಗಿತ್ತು.

ಅವತ್ತೇ ವಿಡಿಯೊ ಕರೆಗಳನ್ನು ಸಿನಿಮಾಗಳ ಸಾಲಿನಿಂದ ಬಿಡಿಸಿ ಮಾತಿನ ಸಾಲಿಗೆ ಸೇರಿಸಿದೆ. ಮರುದಿನ ಸಂಜೆ ಗಿರಣಿಗೆ ಹೋದಾಗ ಶಾಂತವ್ವ ಇವರೇ ಎಂದು ಮಗನಿಗೆ ಸನ್ನೆ ಮಾಡಿ ಫೋನು ನನ್ನ ಕಡೆ ತಿರುಗಿಸಿದರು. ಮಗ ನನ್ನನ್ನು ನೋಡಿದವನೇ ಎರಡೂ ಕೈ ಜೋರಾಗಿ ಆಡಿಸತೊಡಗಿದ.

"ಏನ್ ಅನ್ನಾಕತ್ತಾನ್ರಿ?"

"ನಿಮಗ ಬೈಯಾಕತ್ತಾನ್ರಿ."

ಒಂದು ಬೈಗುಳವೂ ನಡುವೆ ನಿಲ್ಲಲಿಲ್ಲ.