ಸೀಟಿಯ ಕೊನೆಗೆ ಕೇಳಿದ ದನಿ

ಹೊಲಿಗೆ ಮಷಿನ್ನಿನ ಎಣ್ಣೆಯ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ಕಾಕಾ ನೆನಪಾದರು. ಸಿಂದಗಿಯ ಡಾಕ್ಟರ ಮನೆಯಲ್ಲಿ, ಊಟದ ಟೇಬಲ್ಲಿನ ಮೇಲೆ, ಹೊಸ ಇಂಜಿನ್ನು ನಿಂತಿತ್ತು. ಒಂದು ಕಾಲಕ್ಕೆ ನಮ್ಮ ಸಣ್ಣ ಲೈನಿನ ಮೇಲೆ, ಅಂದರೆ ಮೀಟರ್ ಗೇಜಿನ ಮೇಲೆ, ಹೊಗೆ ಉಗುಳುತ್ತ ಓಡಿದ ಕರಿ ಇಂಜಿನ್ನಿನ ಮಾಡೆಲ್ಲು. ಕಂಪನಿ ಅದನ್ನು ಈಗಷ್ಟೇ ಬಿಡುಗಡೆ ಮಾಡಿತ್ತು. ಡಾಕ್ಟರು ಸೂಜಿಯ ತುದಿಯಿಂದ ಅದರ ಗಾಲಿಗಳಿಗೆ ಎಣ್ಣೆ ಬಿಡುತ್ತಿದ್ದರು. ಅದೇ ಎಣ್ಣೆ, ಅದೇ ವಾಸನೆ... ಇಂಡಿ ಬಸ್ ಸ್ಟ್ಯಾಂಡಿನ ಎದುರು ಇದ್ದ ಕಾಕಾನ ಕ್ಯಾಸೆಟ್ ಅಂಗಡಿಯದು.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ, ಆಮೇಲೆ ಬರೆದರಾಯಿತು ಅಂತ ಕಾದು ನೋಡಿದೆ. ಇಳಿಯುವ ಲಕ್ಷಣ ಕಾಣಲಿಲ್ಲ.

ಈ ಭಾಗದಲ್ಲಿ ರೈಲಿನ ಮಾಡೆಲ್ಲಿನ ಹುಚ್ಚು ಇರುವವರು ನಾವು ಮೂವರೇ. ಸಿಂದಗಿಯ ಹಲ್ಲಿನ ಡಾಕ್ಟರು, ಮುದ್ದೇಬಿಹಾಳದ ಅರಿವೆ ಅಂಗಡಿ ಸಾವಕಾರರು, ಮತ್ತು ಇಂಡಿಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು. ಯಾರಾದರೂ ಹೊಸ ಇಂಜಿನ್ನು ತರಿಸಿದರೆ ಉಳಿದಿಬ್ಬರೂ ಹೋಗಿ ನೋಡಲೇಬೇಕು, ಕೊಂಕು ತೆಗೆಯಲೇಬೇಕು. ಅವತ್ತೂ ಸಾವಕಾರರು ಭೂತಗನ್ನಡಿ ಹಿಡಿದು ಒಂದೊಂದೇ ರಿವೆಟ್ಟು ನೋಡುತ್ತಿದ್ದರು. ಬಾಯ್ಲರಿನ ಕಪ್ಪು ಸರಿ ಇದೆ, ಆದರೆ ಮುಂದಿನ ದೀಪ ಭಾಳ ಬಿಳಿ ಆಯಿತು, ಆಗಿನದು ಕಂದೀಲಿನ ಹಾಗೆ ಹಳದಿ ಇರುತ್ತಿತ್ತು ಅಂದರು. ಡಾಕ್ಟರಿಗೆ ಗಾಲಿಗಳನ್ನು ಜೋಡಿಸುವ ರಾಡು ತಿರುಗುವ ರೀತಿ ಬಹಳ ಹಿಡಿಸಿತ್ತು. ನನಗೂ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಹಿಂದಿನ ಡಬ್ಬಿಯಲ್ಲಿ ತುಂಬಿದ ಕಲ್ಲಿದ್ದಲು ಮಾತ್ರ ಸಾಸಿವೆ ಸುರುವಿದ ಹಾಗೆ ಕಾಣುತ್ತಿತ್ತು. ಅದನ್ನು ಹೇಳಿದೆ. ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು.

ಆಮೇಲೆ ಸದ್ದಿನ ಮಾತು ಬಂತು. ಇದರೊಳಗೆ ಖರೆ ಇಂಜಿನ್ನಿನ ಸೀಟಿ ಹಾಕಿದ್ದಾರೆ, ಆದರೆ ಒಂದು ದೋಷ ಉಳಿದುಬಿಟ್ಟಿದೆ, ಕೊನೆಗೆ ಯಾರೋ ಮಾತಾಡಿದ ಹಾಗೆ ಕೇಳುತ್ತದೆ, ತಗೊಂಡವರೆಲ್ಲ ಕಂಪನಿಗೆ ದೂರು ಕೊಟ್ಟಿದ್ದಾರೆ ಅಂತ ಡಾಕ್ಟರು ವಿವರಿಸಿದರು. ಕಂಪನಿ ಆ ದೋಷ ತೆಗೆದ ಅಪ್‌ಡೇಟ್ ಕಳಿಸಿದೆಯಂತೆ. ಒಮ್ಮೆ ಹಳೆಯದನ್ನು ಕೇಳಿಬಿಡಿ, ನಿಮ್ಮೆದುರಿಗೇ ಹೊಸದನ್ನು ಹಾಕುತ್ತೇನೆ ಅಂದು, ಇಂಜಿನ್ನನ್ನು ನಡೆಸುವ ಫೋನಿನ ಮೇಲೆ ಬೆರಳಿಟ್ಟರು.

ಸೀಟಿ ಹೊಡೆಯಿತು. ಉದ್ದನೆಯ ಸೀಟಿ, ನಡುವೆ ಸ್ವಲ್ಪ ಒಡೆದು ಮತ್ತೆ ಕೂಡಿಕೊಳ್ಳುವಂಥದ್ದು. ಉಗಿಯ ಉಸಿರು ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ದೂರ ದೂರ ಹೋಗಿ ಕರಗಿತು. ಆಗ ಒಂದು ಗಂಡು ದನಿ ಸಣ್ಣಗೆ, ಮೈಕಿಗೆ ಬಾಯಿ ಹಚ್ಚಿದ ಹಾಗೆ ಹೇಳಿತು: "ಹಾಂ... ಆತು."

ಅದು ಕಾಕಾನ ದನಿ.

ಕಾಕಾ ನಮಗೆ ರಕ್ತ ಸಂಬಂಧಿಯಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದರು. ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಯಂಕಂಚಿಯ ಭಜನೆ, ಆಲಮೇಲದ ಮದುವೆ, ದೇವರ ಹಿಪ್ಪರಗಿಯ ಗೀಗೀ ಪದ ಅಂತ ಕರೆದಲ್ಲೆಲ್ಲ ಬಸ್ಸು ಹತ್ತಿ ಹೋಗುತ್ತಿದ್ದರು. ಎಲ್ಲೇ ರೆಕಾರ್ಡ್ ಮಾಡಿದರೂ ಕೊನೆಗೆ, ಗುಂಡಿ ಒತ್ತಿ ನಿಲ್ಲಿಸುವ ಮೊದಲು, ಮೈಕಿನ ಹತ್ತಿರ ಬಾಯಿ ತಂದು "ಹಾಂ, ಆತು" ಅನ್ನುವುದು ಅವರ ಪದ್ಧತಿ. ಮುಗಿಯಿತು, ಮುಂದೆ ಏನೂ ಇಲ್ಲ, ಖಾಲಿ ಟೇಪು ಓಡಿಸಿ ಸುಮ್ಮನೆ ಸೆಲ್ಲು ಕಳೆಯಬೇಡಿ ಅಂತ ಗಿರಾಕಿಗೆ ತಿಳಿಯಲಿ ಅನ್ನುವ ಕಾಳಜಿ. ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೂ ಆತು, ಸತ್ತವರ ಮನೆಯ ಭಜನೆಗೂ ಆತು. ಒಬ್ಬ ಬೀಗರು, ನಮ್ಮ ಹುಡುಗಿ ಮದುವೆಯ ಕ್ಯಾಸೆಟ್ಟಿನಲ್ಲಿ ಇದೆಂಥ ಅಪಶಕುನದ ಮಾತು ಅಂತ ಅಂಗಡಿಯ ಮುಂದೆ ನಿಂತು ಜಗಳ ತೆಗೆದಿದ್ದರು. ಕಾಕಾ ಅವರಿಗೆ ಚಹಾ ಕುಡಿಸಿ, ಮಂತ್ರ ಮುಗಿದದ್ದನ್ನು ಹೇಳಿದೆನೇ ಹೊರತು ಸಂಸಾರ ಮುಗಿಯಿತು ಅಂದಿಲ್ಲವಲ್ಲ ಅಂತ ಸಮಾಧಾನ ಮಾಡಿ ಕಳಿಸಿದರು. ಹೋಗ್ತಾ ಹೋಗ್ತಾ ಮಂದಿಗೆ ಎಷ್ಟು ರೂಢಿಯಾಯಿತೆಂದರೆ, ಆತು ಇಲ್ಲದ ಕ್ಯಾಸೆಟ್ಟನ್ನು ಇದು ಕಾಕಾನದಲ್ಲ ಅಂತ ವಾಪಸು ಕೊಡುತ್ತಿದ್ದರು.

ಕರಿ ಇಂಜಿನ್ನು ಇನ್ನು ನಿಲ್ಲುತ್ತದೆ, ಡೀಸೆಲ್ ಬರುತ್ತದೆ ಅಂತ ಸುದ್ದಿಯಾದಾಗ ಕಾಕಾಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಆ ಸೀಟಿಯನ್ನು ಹಿಡಿದಿಡಬೇಕು ಅಂತ ಇಂಡಿ ರೋಡ್ ಸ್ಟೇಷನ್ನಿಗೆ ಎಷ್ಟು ಸಲ ಹೋದರೋ. ಒಮ್ಮೆ ನಾಯಿ ಬೊಗಳಿತು, ಒಮ್ಮೆ ಶೇಂಗಾ ಮಾರುವವನು ನಡುವೆ ಕೂಗಿದ. ಮತ್ತೊಮ್ಮೆ ಎಲ್ಲ ಸರಿಯಾಗಿ ನಡೆದಿರುವಾಗ ಯಾರೋ ಹಿರಿಯರು ಹತ್ತಿರ ಬಂದು, ಏನ್ ಮಾಡಾಕತ್ತೀರಿ ಅಂತ ವಿಚಾರಿಸಿದರು. ಕಡೆಗೆ ಒಂದು ದಿನ ನಾನೂ ಅವರ ಹೆಂಡತಿ ಕಾಕೂನೂ ಜೊತೆಗೆ ಹೋದೆವು. ಕಾಕಾ ಡ್ರೈವರನಿಗೆ ಕೈ ಮುಗಿದು ಉದ್ದನೆಯ ಸೀಟಿ ಹೊಡೆಯಲು ಒಪ್ಪಿಸಿದರು. ಆಮೇಲೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು ಒಬ್ಬೊಬ್ಬರಿಗೂ ಕೇಳಿಕೊಂಡರು, ಗಾಡಿ ಕಣ್ಣಿಗೆ ಮರೆಯಾಗುವ ತನಕ ದಯವಿಟ್ಟು ಬಾಯಿ ಬಿಡಬೇಡಿ ಅಂತ. ನಮ್ಮ ಮಂದಿ ಸುಮ್ಮನಿರುವುದೆಂದರೇನು ಸಣ್ಣ ಮಾತೇ? ಅವತ್ತು ಇದ್ದರು. ತಾಯಂದಿರು ಕೂಸುಗಳಿಗೆ ಮೊಲೆ ಕೊಟ್ಟು ಕೂತರು. ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಜೋಳದ ಹೊಲಗಳ ಆಚೆ ಗಾಡಿಯ ಸದ್ದು ಪೂರ್ತಿ ಅಡಗಿದ ಮೇಲೆ ಕಾಕಾ ಮೈಕಿಗೆ ತಮ್ಮ ಮಾತು ಹೇಳಿದರು. ಆಮೇಲೆ ಇಡೀ ಪ್ಲಾಟ್‌ಫಾರ್ಮು ಒಂದೇ ಸಲ ಮಾತಾಡಲು ಶುರುಮಾಡಿತು.

ಆ ಕ್ಯಾಸೆಟ್ಟಿನ ಮೇಲೆ ಮತ್ತೇನೂ ತುಂಬಲಾಗದ ಹಾಗೆ ಅದರ ನೆತ್ತಿಯ ಮೇಲಿನ ಚಿಕ್ಕ ಪ್ಲಾಸ್ಟಿಕ್ ಕಿವಿಗಳನ್ನು ಮುರಿದು, ಮೆತ್ತನೆಯ ಅರಿವೆಯಲ್ಲಿ ಸುತ್ತಿ ಇಟ್ಟರು. ಊರಿಗೆಲ್ಲ ಕಾಪಿ ಮಾಡಿಕೊಡುವ ಮನುಷ್ಯ ಅದೊಂದಕ್ಕೆ ಕಾಪಿ ಮಾಡಲಿಲ್ಲ. ಓಡಿಸಿದಷ್ಟೂ ಟೇಪು ಸವೆಯುತ್ತದೆ, ಒಳ್ಳೆಯ ಮಷಿನ್ನು ತಗೊಂಡ ಮೇಲೆ ಒಂದೇ ಸಲ ಓಡಿಸಿ ಕಾಪಿ ಮಾಡಬೇಕು ಅನ್ನುತ್ತಿದ್ದರು. ಅಂಥ ಮಷಿನ್ನು ಅವರ ಕೈಗೆ ಬರಲೇ ಇಲ್ಲ.

ಮೀಟರ್ ಗೇಜು ಕಿತ್ತು ದೊಡ್ಡ ಲೈನು ಹಾಕುವ ಕಾಲಕ್ಕೆ ಶಹರದಿಂದ ಒಬ್ಬ ಬಂದ. ಕೊರಳಲ್ಲಿ ಕ್ಯಾಮೆರಾ, ಬಾಯಲ್ಲಿ ಬೆಲ್ಲ. ರೈಲಿನ ಹಳೆಯ ನೆನಪು ಸಂಗ್ರಹಿಸುತ್ತೇನೆ, ಇಂಥ ರೆಕಾರ್ಡಿಂಗ್ ದೇಶದಲ್ಲೇ ಇಲ್ಲ, ನನ್ನಲ್ಲಿ ಭಾರೀ ಮಷಿನ್ನಿದೆ, ಕಾಪಿ ಮಾಡಿಕೊಂಡು ಮೂಲವನ್ನು ಕೊರಿಯರಿನಲ್ಲಿ ಕಳಿಸುತ್ತೇನೆ ಅಂದ. ಒಳ್ಳೆಯ ಮಷಿನ್ನು ಅಂದದ್ದೇ ತಡ, ಕಾಕಾ ಕರಗಿಹೋದರು. ಅರಿವೆ ಸಮೇತ ತೆಗೆದು ಕೊಟ್ಟರು.

ಅವನು ಕಳಿಸಲಿಲ್ಲ. ಅವನು ಕೊಟ್ಟ ನಂಬರಿಗೆ ಹಚ್ಚಿದರೆ ಮೊದಮೊದಲು ರಿಂಗಾಗುತ್ತಿತ್ತು, ಆಮೇಲೆ ಅದೂ ನಿಂತಿತು. ಕೊರಿಯರಿನವನ ಗಾಡಿ ಓಣಿಗೆ ಬಂದರೆ ಸಾಕು, ಕಾಕಾ ಅಂಗಡಿ ಬಿಟ್ಟು ಎದ್ದು ಬರುತ್ತಿದ್ದರು. ನಾನು ಸಿಟ್ಟಿಗೆದ್ದು ಅವನಿಗೆ ಕಳ್ಳ ಅಂದರೆ ನನಗೇ ಗದರುತ್ತಿದ್ದರು.

"ಹಂಗ ಅನಬ್ಯಾಡ. ದೊಡ್ಡ ಊರಾಗ ನೂರೆಂಟು ಕೆಲ್ಸ ಇರ್ತಾವ. ಮರ್ತಿರ್ಬೇಕು."

ಮರೆತಿರಬೇಕಂತೆ! ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಈ ಮಾತಿಗೆ. ಕದ್ದವನ ಮೇಲೆ ಎಷ್ಟು ಸಿಟ್ಟಿದೆಯೋ, ಅವನನ್ನು ಕಡೆಯ ತನಕ ವಹಿಸಿಕೊಂಡು ಬಂದ ಕಾಕಾನ ಮೇಲೂ ಅಷ್ಟೇ ಇದೆ. ಕ್ಯಾಸೆಟ್ಟಿನ ದಾರಿ ಕಾಯುತ್ತಲೇ ಅವರು ಹೋದರು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲಿನ ಗಾಜು ಬದಲಿಸಿಕೊಡುತ್ತಾರೆ.

ಅವರು ಹೋದ ಮೇಲೆ ಕಾಕು ಕೇಳಿದ್ದು ಒಂದೇ. ಒಮ್ಮೆ ಅವರ ದನಿ ಕೇಳಿಸು ಅಂದರು. ಮನೆಯಲ್ಲಿ ಅವರು ಮಾತಾಡಿದ್ದನ್ನು ಯಾರೂ ತುಂಬಿಟ್ಟಿರಲಿಲ್ಲ. ನಾನು ಊರೆಲ್ಲ ತಿರುಗಿದೆ. ಕೆಲವರ ಕ್ಯಾಸೆಟ್ಟಿಗೆ ಬೂಜು ಹಿಡಿದಿತ್ತು. ಉಳಿದವರು ರೀಲು ಬಿಚ್ಚಿ, ಹಕ್ಕಿ ಹೆದರಲಿ ಅಂತ ಜೋಳದ ಹೊಲದ ಸುತ್ತ ಕಟ್ಟಿ ಯಾವ ಕಾಲವಾಗಿತ್ತೋ... ಅರ್ಧ ತಾಲೂಕಿನ ಮದುವೆ ಭಜನೆಗಳೆಲ್ಲ ಗಾಳಿಗೆ ಪಟಪಟ ಬಡಿದುಕೊಂಡು ಹರಿದುಹೋಗಿದ್ದವು. ಶಹರದವನು ಒಯ್ದ ಸೀಟಿಯ ಕ್ಯಾಸೆಟ್ಟೊಂದು ಬಿಟ್ಟು ಬೇರೆ ದಿಕ್ಕಿರಲಿಲ್ಲ. ಕಾಕು ಬಸವನ ಬಾಗೇವಾಡಿಯ ಮಗಳ ಮನೆ ಸೇರಿದರು. ನಾನು ಹೋದಾಗಲೆಲ್ಲ, ಅದೇನಾರ ಬಂತೇನು ಅಂತ ಕೇಳುತ್ತಿದ್ದರು.

ಇದೆಲ್ಲ ನನ್ನ ತಲೆಯಲ್ಲಿ ಓಡುವಷ್ಟರಲ್ಲಿ ಡಾಕ್ಟರ ಬೆರಳು ಮತ್ತೆ ಫೋನಿನ ಮೇಲೆ ಹೊರಟಿತ್ತು.

"ಡಾಕ್ಟರ್ರ, ಕೈ ತಗೀರಿ," ಅಂದೆ. ವರ್ಗದಲ್ಲಿ ಗದ್ದಲ ಮಾಡುವವರಿಗೆ ಹೇಳುತ್ತಿದ್ದ ದನಿ ಅದು. ಡಾಕ್ಟರು ಗಾಬರಿಯಾಗಿ ಕೈ ತೆಗೆದರು.

ಎಲ್ಲ ಹೇಳಿದೆ. ಇಂಜಿನ್ನಿನ ಪೆಟ್ಟಿಗೆ ತಿರುಗಿಸಿ ನೋಡಿದರೆ ಸದ್ದು ಒದಗಿಸಿದವರು ಅಂತ ಆ ಶಹರದವನದೇ ಹೆಸರು ಅಚ್ಚಾಗಿತ್ತು. ಡಾಕ್ಟರು ತಲೆ ತಗ್ಗಿಸಿದರು. ಸಾವಕಾರರು ಮಾತ್ರ, ನಿಮ್ಮ ಸಂಕಟ ತಿಳಿಯುತ್ತದೆ, ಆದರೂ ಇಂಜಿನ್ನಿನ ಸದ್ದಿನಲ್ಲಿ ಮನುಷ್ಯನ ದನಿ ಬಂದರೆ ಅದು ಇಂಜಿನ್ನು ಅನಿಸುವುದಿಲ್ಲ ಅಂದರು. ನನಗೆ ನೆತ್ತಿಗೇರಿತು. ಕಲ್ಲಿದ್ದಲು ಹಾಕಿದವರು ದೆವ್ವಗಳೇನ್ರಿ ಅಂತ ಕೇಳಿದೆ. ಆ ಸೀಟಿ ಅಷ್ಟು ಸ್ವಚ್ಛ ಬಂದದ್ದು ಒಬ್ಬ ಮನುಷ್ಯ ಅಷ್ಟು ಮಂದಿಗೆ ಕೈ ಮುಗಿದದ್ದಕ್ಕೆ, ಅವನೊಬ್ಬನ ದನಿ ನಿಮಗೆ ಕಸವಾಯಿತೇ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಸಾವಕಾರರು ಭೂತಗನ್ನಡಿ ಒರೆಸುತ್ತ ಕೂತರು.

ಇಂಜಿನ್ನನ್ನು ಈಗಲೇ ಬಾಗೇವಾಡಿಗೆ ಒಯ್ಯಬೇಕು ಅಂದೆ. ಡಾಕ್ಟರಿಗೆ ನನ್ನ ಕೈಗೆ ಕೊಡುವ ಧೈರ್ಯವಿಲ್ಲ, ಇಲ್ಲ ಅನ್ನುವ ಮುಖವೂ ಇಲ್ಲ. ಕಾರು ತೆಗೆದರು. ಸಾವಕಾರರನ್ನು ಅಲ್ಲೇ ಬಿಟ್ಟು ಇಬ್ಬರೂ ದೇವರ ಹಿಪ್ಪರಗಿಯ ಹಾದಿ ಹಿಡಿದೆವು. ಪ್ರತಿ ತಗ್ಗಿಗೂ ಅವರು ಹಿಂದಿನ ಸೀಟಿನ ಪೆಟ್ಟಿಗೆಯನ್ನು ತಿರುಗಿ ನೋಡುತ್ತಿದ್ದರು.

ಕಾಕು ಪಡಸಾಲೆಯಲ್ಲಿ ಕೂತಿದ್ದರು. ಡಾಕ್ಟರು ನೆಲದ ಮೇಲೆ ಹಳಿಯ ತುಂಡು ಜೋಡಿಸಿ ಇಂಜಿನ್ನು ನಿಲ್ಲಿಸಿ ಫೋನಿನಲ್ಲಿ ಗುಂಡಿ ಒತ್ತಿದರು. ಸೀಟಿ ಕೇಳಿದ ಕೂಡಲೇ ಕಾಕೂನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಕೊನೆಗೆ ದನಿ ಬಂತು. ಅವರು ಅಳಲಿಲ್ಲ. ನನ್ನ ಮುಖ ನೋಡಿದರು.

"ಅವ ಕ್ಯಾಸೆಟ್ ಕೊಟ್ಟನೇನು?"

"ಇಲ್ರಿ ಕಾಕು."

"ಹಂಗಾರ ಇದನ್ಯಾಕ ತಂದಿ?"

ಎದ್ದು ಒಳಗೆ ಹೋದರು. ಪಾತ್ರೆಗಳನ್ನು ಎತ್ತಿ ಎತ್ತಿ ಇಡುವ ಸದ್ದು ಕೇಳಿತು. ಡಾಕ್ಟರು ಗಡಿಬಿಡಿಯಿಂದ ಹಳಿ ಬಿಚ್ಚತೊಡಗಿದರು. ಆಗ ಒಳಗಿಂದಲೇ ಕಾಕು, ಯಾಕೆ ನಿಲ್ಲಿಸಿದಿರಿ, ಇನ್ನೊಮ್ಮೆ ಹಚ್ಚಿರಿ ಅಂದರು. ಅಡುಗೆ ಮನೆಯ ಬಾಗಿಲಿಗೆ ಬಂದು, ಚೌಕಟ್ಟಿಗೆ ಹಣೆ ಆನಿಸಿ ಕೇಳಿದರು. ಮತ್ತೆ ಹಚ್ಚಿಸಿದರು, ಮತ್ತೆ... ಇಂಜಿನ್ನಿನ ಕಡೆ ಒಮ್ಮೆಯೂ ಕಣ್ಣೆತ್ತಿ ನೋಡಲಿಲ್ಲ. ನಿಮ್ಮ ಮಗಳ ಫೋನಿಗೆ ತುಂಬಿ ಕೊಡುತ್ತೇನೆ, ಬೇಕಾದಾಗ ಕೇಳಬಹುದು ಅಂದೆ. ಬೇಡ ಅಂದರು. "ನಮ್ಮದು ನಮಗ ಬೇಕು. ತರ್ಸು."

ಹಿಂದಿರುಗುವಾಗ ಡಾಕ್ಟರು, ತಮ್ಮ ಇಂಜಿನ್ನಿಗೆ ಅಪ್‌ಡೇಟ್ ಹಾಕುವುದಿಲ್ಲ ಅಂತ ತಾವಾಗಿಯೇ ಹೇಳಿದರು. ನಾನು ಕಂಪನಿಗೆ ಇಂಗ್ಲಿಷಿನಲ್ಲಿ ಬರೆದೆ, ಮತ್ತೆ ಬರೆದೆ. ಇದು ಇಂಥವರ ರೆಕಾರ್ಡಿಂಗು, ಪೆಟ್ಟಿಗೆಯ ಮೇಲೆ ಅವರ ಹೆಸರಿರಲಿ, ಅವರ ಹೆಂಡತಿ ಇನ್ನೂ ಇದ್ದಾರೆ, ಕ್ಯಾಸೆಟ್ಟು ವಾಪಸು ಕೊಡಿಸಿರಿ ಅಂತ. ಬಹಳ ಸತಾಯಿಸಿ ಉತ್ತರ ಕೊಟ್ಟರು. ಸದ್ದನ್ನು ಸಂಗ್ರಾಹಕರಿಂದ ಸರಿಯಾದ ರೀತಿಯಲ್ಲೇ ಪಡೆದಿದ್ದಾರಂತೆ. ಮುಂದಿನ ಇಂಜಿನ್ನುಗಳಲ್ಲಿ ಆ ಅಡಚಣೆ ಇರುವುದಿಲ್ಲವಂತೆ. ಮೂಲ ಕ್ಯಾಸೆಟ್ಟನ್ನು ಕಾಪಿ ಮಾಡಿಕೊಂಡ ಮೇಲೆ ಸಂಗ್ರಾಹಕರು ಮನೆ ಬದಲಿಸುವಾಗ ಹಳೆಯ ಸಾಮಾನಿನ ಜೊತೆ ಎಸೆದಿದ್ದಾರಂತೆ. ರೈಲಿನ ಮೇಲಿನ ನನ್ನ ಪ್ರೀತಿಗೆ ಮೆಚ್ಚಿ ಒಂದು ಕ್ಯಾಲೆಂಡರ್ ಕಳಿಸುತ್ತಾರಂತೆ.

ಎಸೆದಿದ್ದಾನೆ. ಕಾಕಾ ಕೊರಿಯರಿನವನ ದಾರಿ ಕಾಯುತ್ತ ಅಂಗಡಿಯ ಬಾಗಿಲಲ್ಲಿ ನಿಂತಾಗ ಅದು ಯಾವ ತಿಪ್ಪೆಯಲ್ಲಿತ್ತೋ. ಇನ್ನು ಅವರ ದನಿ ಅಂತ ಉಳಿದಿದ್ದರೆ ಸಿಂದಗಿಯ ಒಂದು ಇಂಜಿನ್ನಿನಲ್ಲಿ. ಕಾಕು ಬೇಡ ಅಂದ ಮೇಲೆ ಫೋನಿಗೆ ತುಂಬಿಕೊಳ್ಳಲು ನನಗೂ ಮನಸ್ಸಾಗಿಲ್ಲ. ಆ ಇಂಜಿನ್ನೂ ಒಂದು ದಿನ ಕೆಡುತ್ತದೆ.

ಹೋದ ವಾರ ಬಾಗೇವಾಡಿಗೆ ಹೋಗಿ ಕಾಕೂಗೆ ಇದನ್ನು ಹೇಳಿದೆ. ಮುಚ್ಚಿಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಎದುರಿಗೆ ಕೂತ ಮೇಲೆ ಆಗಲಿಲ್ಲ. ಅವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಸಣ್ಣ ಹರಳುಗಳನ್ನು ಆರಿಸಿ ಪಕ್ಕಕ್ಕೆ ಹಾಕುತ್ತ ಹೋದರು. ನನ್ನ ಕಡೆ ನೋಡದೆ ಹೇಳಿದರು:

"ಕ್ಯಾಸೆಟ್ ಒಯ್ದ ದಿನ ಅವ ನಮ್ಮನ್ಯಾಗ ಉಂಡ. ಬಿಸಿ ರೊಟ್ಟಿ ಬಡದು ಹಾಕಿದ್ದೆ. ಅವ ಉಂಡ ಗಂಗಾಳ ನಾನ ತೊಳದೇನಿ, ತಂಗಿ."