ಹೇಳಿ ಹೋಗುವ ದೀಪ

ಅವರ ಹಣೆಯ ಮೇಲೆ ಎರಡು ಗುರುತುಗಳಿದ್ದವು. ನಡುವೆ ನಮಾಜಿನಿಂದ ಬಿದ್ದ ಕಪ್ಪು ಕಲೆ. ಅದರ ಮೇಲೆ, ಕಿವಿಯಿಂದ ಕಿವಿಗೆ, ತಲೆಗೆ ಕಟ್ಟುವ ಲೈಟಿನ ಪಟ್ಟಿ ಕೂತು ಕೂತು ಆದ ಬಿಳಿ ಗೆರೆ. ಗಲ್ಫಿನ ಜೆಬೆಲ್ ಅಲಿ ಬಂದರಿನ ಬಿಸಿಲಿಗೆ ಉಳಿದ ಮುಖವೆಲ್ಲ ಸುಟ್ಟು ಕಪ್ಪಾಗಿದ್ದರೂ ಆ ಗೆರೆ ಮಾತ್ರ ಹಾಗೇ ಇತ್ತು. ಹಡಗಿನ ತಳದ ಟ್ಯಾಂಕುಗಳಿಗೆ ಇಳಿದು ತುಕ್ಕು ಕೆರೆಯುವ ತಂಡಕ್ಕೆ ಅವರು ಫೋರ್‌ಮನ್. ಉಳ್ಳಾಲದ ಕಡೆಯ ಬ್ಯಾರಿ. ನಮಗೆಲ್ಲ ಕಾಕ.

ನಾನು ಅದೇ ಕಂಪನಿಯಲ್ಲಿ ಸಾಮಾನು ಖರೀದಿಸುವ ಗುಮಾಸ್ತ. ಊರಿನಲ್ಲಿ ನಮ್ಮ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಅವರು ನನ್ನನ್ನು ‘ಪರ್ಬುಗಳೇ’ ಎಂದು ಕರೆಯುತ್ತಿದ್ದರು, ಅರ್ಧ ಗೌರವ, ಅರ್ಧ ಕೀಟಲೆ. ನನ್ನ ಹೆಂಡತಿ ಹೆತ್ತಾಗ ಕಂಪನಿ ಬಸ್ಸು, ಮೆಟ್ರೊ, ಮತ್ತೊಂದು ಬಸ್ಸು ಹತ್ತಿ ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬಂದು, ಬಾಣಂತಿಗೆಂದು ಊರಿನ ಓಮದ ಪೊಟ್ಟಣ ಕೊಟ್ಟು, ನಾನು ಕೈಗಿತ್ತ ಮಗುವನ್ನು ಒಂದು ಗಳಿಗೆ ಎತ್ತಿಕೊಂಡು, ಚಹಾ ಕೂಡ ಕುಡಿಯದೆ ಹೋದ ಮನುಷ್ಯ.

ಲೈಟು ಆಯ್ಕೆ ಮಾಡುವುದರಲ್ಲಿ ಮಾತ್ರ ಅವರಷ್ಟು ತಲೆ ತಿನ್ನುವವರು ಇನ್ನೊಬ್ಬರಿರಲಿಲ್ಲ. ನಾನು ಸ್ಯಾಂಪಲ್ ಒಯ್ದರೆ ಮೊದಲು ಬಕೆಟಿನ ನೀರಿಗೆ ಮುಳುಗಿಸುವರು. ಸೊಂಟದ ಎತ್ತರದಿಂದ ಕಾಂಕ್ರೀಟಿಗೆ ಬೀಳಿಸುವರು. ದಪ್ಪ ಗ್ಲೌಸ್ ಹಾಕಿಕೊಂಡು, ಕಣ್ಣು ಮುಚ್ಚಿ, ಸ್ವಿಚ್ಚು ಹುಡುಕುವರು. ಕೊನೆಗೆ ಅದನ್ನು ಹೊತ್ತಿಸಿ, ಕಿಟಕಿಯಿಲ್ಲದ ಸ್ಟೋರ್ ಕೋಣೆಯಲ್ಲಿಟ್ಟು, ಇಡೀ ದಿನ ಹೋಗಿ ಬಂದು ನೋಡುವರು.

“ಎಷ್ಟು ಬೆಳಕು ಅಂತ ನಂಗೆ ಬೇಡ ಪರ್ಬುಗಳೇ. ಹೋಗುವ ಮೊದ್ಲು ಹೇಳಿ ಹೋಗ್ತದಾ, ಅದು ಹೇಳಿ.”

ಹಳೇ ಲೈಟುಗಳು ಮಂಕಾಗುತ್ತ, ಹಳದಿಯಾಗುತ್ತ ಅರ್ಧ ಗಂಟೆ ಎಳೆದಾಡುತ್ತಿದ್ದವು. ಅಷ್ಟರಲ್ಲಿ ಮನುಷ್ಯ ಮೇಲೆ ಹತ್ತಿ ಬರಬಹುದು. ಹೊಸ ಎಲ್‌ಇಡಿಗಳಲ್ಲಿ ಕೆಲವು ಕೊನೆಯ ನಿಮಿಷದವರೆಗೆ ಒಂದೇ ಸಮ ಉರಿದು ಪಕ್ಕನೆ ಆರುತ್ತವೆ. ಟ್ಯಾಂಕಿನ ಕತ್ತಲೆ ಎಂದರೆ ನಮ್ಮ ಕರೆಂಟು ಹೋದ ಕತ್ತಲೆಯಲ್ಲ, ಸ್ವಂತ ಕೈ ಕಾಣದು. ಅದಕ್ಕೇ ಅವರದೊಂದು ಪದ್ಧತಿ ಇತ್ತು. ಒಳಗೆ ಇಳಿದ ಕೂಡಲೇ ಹೊರಬರುವ ಏಣಿಯ ಬುಡಕ್ಕೆ ಒಂದು ಲೈಟು ನೇತುಹಾಕುವರು. ಅದನ್ನು ಕೆಲಸಕ್ಕೆ ಮುಟ್ಟುವಂತಿಲ್ಲ. ದಾರಿ ತಪ್ಪಿದರೆ ಆ ಬೆಳಕಿನ ಕಡೆ ನಡೆದರಾಯಿತು.

ದೊಡ್ಡ ಹಡಗೊಂದು ಬಂದಾಗ ಹಳೇ ಲೈಟುಗಳೆಲ್ಲ ಕೈಕೊಟ್ಟವು. ಹೊಸ ಸೆಟ್ಟು ತರಿಸಬೇಕು. ಫಾರ್ಮಿನಲ್ಲಿ ‘ಪರೀಕ್ಷಿಸಿದ್ದೇನೆ’ ಎಂಬ ಕಡೆ ಕಾಕನ ಸಹಿ ಬೀಳದೆ ಆರ್ಡರ್ ಹೋಗುವಂತಿಲ್ಲ. ಮ್ಯಾನೇಜರ್ ಗಂಟೆಗೊಮ್ಮೆ “ಯಲ್ಲಾ, ಬೇಗ ಖಲಾಸ್ ಮಾಡು” ಎಂದು ಪೀಡಿಸುತ್ತಿದ್ದ. ಹಡಗು ರಿಪೇರಿಯ ಯಾರ್ಡಿಗೆ ಹೋದರೆ ಕಾಕನಿಗೆ ಉಸಿರು ಬಿಡಲು ಪುರುಸೊತ್ತಿಲ್ಲ.

“ಸ್ಯಾಂಪಲ್ ಇಟ್ಟು ಹೋಗಿ, ನಾಡಿದ್ದು ನೋಡುವ,” ಎಂದರು.

“ಟೆಸ್ಟ್ ನಾನೇ ಮಾಡಿದ್ದೇನೆ ಕಾಕ, ನಿಮ್ಮ ಹಾಗೇ. ಇಡೀ ದಿನ.”

ಅವರು ನನ್ನ ಮುಖ ನೋಡಿದರು. “ಹೋಗುವ ಮೊದ್ಲು ಹೇಳ್ತದಾ?”

“ಹೇಳ್ತದೆ.”

ನಾನು ಅದನ್ನು ಡಬ್ಬಿಯಿಂದ ಹೊರಗೂ ತೆಗೆದಿರಲಿಲ್ಲ. ಡಬ್ಬಿಯ ಮೇಲೆ ಎಂಟು ಗಂಟೆ ಎಂದು ಬರೆದಿತ್ತು, ಅದನ್ನೇ ನಂಬಿದ್ದೆ. ಬೇರೆ ಯಾರೇ ಹೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ. ಊರಿನವನು, ತನ್ನ ಕೈಗೆ ಮಗು ಎತ್ತಿಕೊಟ್ಟವನು ಎಂದು ಸಹಿ ಹಾಕಿದರು.

ಮೊದಲ ಎರಡು ದಿನ ಸಣ್ಣ ಟ್ಯಾಂಕುಗಳು, ಬೇಗ ಮುಗಿದವು. ಮೂರನೇ ದಿನ ಬೆಳಗ್ಗೆ ಕಾಕ ಸೇರಿ ಐದು ಜನ ದೊಡ್ಡದಕ್ಕೆ ಇಳಿದರು. ಎಲ್ಲರ ಹಣೆಯ ಲೈಟು, ಏಣಿಯ ಬುಡದ ಲೈಟು, ಎಲ್ಲವೂ ಹೊಸ ಸೆಟ್ಟಿನವು, ಒಟ್ಟಿಗೇ ಚಾರ್ಜ್ ಮಾಡಿ ಒಟ್ಟಿಗೇ ಹೊತ್ತಿಸಿದವು. ಊಟಕ್ಕೆ ಮೇಲೆ ಬರುವ ಸ್ವಲ್ಪ ಮೊದಲು ನಿಮಿಷದೊಳಗೆ ಒಂದರ ಹಿಂದೆ ಒಂದು ಪಕ್ಕನೆ ಆರಿಹೋದವು. ಏಣಿಯ ಬುಡದ್ದೂ ಆರಿತು. ಒಳಗೆ ಫೋನು ಒಯ್ಯುವಂತಿಲ್ಲ. ಕೂಗಿದ್ದು ಕಬ್ಬಿಣದ ಗೋಡೆಗಳಲ್ಲಿ ಕಲಸಿಹೋಗಿ ಮೇಲೆ ಕಾವಲಿದ್ದವನಿಗೆ ತಿಳಿಯಲಿಲ್ಲ. ಒಬ್ಬ ಹೆದರಿ ಓಡಲು ನೋಡಿದನಂತೆ. ಕಾಕ ಅವನನ್ನು ಹಿಡಿದು ಕೂರಿಸಿ, “ಯಾರೂ ಅಲ್ಲಾಡಬೇಡಿ, ನಾನು ಹೋಗಿ ಲೈಟು ತರ್ತೇನೆ,” ಎಂದು ಗೋಡೆ ತಡಕುತ್ತ ಹೊರಟರು. ಏಣಿಗಿಂತ ಮೊದಲು ಅವರ ಕಾಲಿಗೆ ಕೆಳಗಿನ ಅಂತಸ್ತಿಗೆ ಇಳಿಯುವ ತೂತು ಸಿಕ್ಕಿತು, ಬಿದ್ದರು. ಊಟಕ್ಕೆ ಯಾರೂ ಬಾರದ್ದು ಕಂಡು ಮೇಲಿನವರು ಲೈಟು ಹಿಡಿದು ಇಳಿದರು, ಕೂತಿದ್ದ ನಾಲ್ವರೂ ಬದುಕಿದರು.

ಕಾಕ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ನಾನು ಹೋದಾಗ ಎಚ್ಚರವಿತ್ತು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಬೆರಳು ಹಿಡಿದುಕೊಂಡು, ನನಗೊಂದು ಸುದ್ದಿ ತಿಳಿಸುವ ಹಾಗೆ ಮೆಲ್ಲಗೆ, “ಅದು ಹೇಳ್ಲಿಲ್ಲ ಪರ್ಬುಗಳೇ. ನಿಮ್ಗೆ ಹೇಳಿತ್ತು, ನಮ್ಗೆ ಹೇಳ್ಲಿಲ್ಲ,” ಎಂದರು. ಮರುದಿನ ತೀರಿಕೊಂಡರು.

ವಿಚಾರಣೆಯವರು ಫಾರ್ಮ್ ತೆರೆದರು. ಪರೀಕ್ಷಿಸಿದ್ದೇನೆ ಎಂಬಲ್ಲಿ ಅವರ ಸಹಿ. ಫೋರ್‌ಮನ್ನನದೇ ಅಜಾಗರೂಕತೆ ಎಂದು ಬರೆದು ಮುಗಿಸಿದರು. ನನ್ನನ್ನೂ ಕೇಳಿದರು. “ಸಹಿ ಅವರದೇ,” ಎಂದೆ. ನನಗೆ ವೀಸಾದ ಭಯ, ಕೆಲಸದ ಭಯ. ಇಂಥ ಹೇಡಿತನಕ್ಕೆ ಬೇರೆ ಯಾವ ಹೆಸರೂ ಬೇಡ.

ಒಂದು ಶುಕ್ರವಾರ ಆ ಸ್ಯಾಂಪಲನ್ನು ಡಬ್ಬಿಯಿಂದ ತೆಗೆದು, ಸ್ಟೋರ್ ಕೋಣೆಯ ಬಾಗಿಲು ಮುಚ್ಚಿ, ಹೊತ್ತಿಸಿ ಎದುರು ಕೂತೆ. ಐದು ಗಂಟೆ ದಾಟಿತು. ಬೆಳಕು ಎಳ್ಳಷ್ಟೂ ಕುಂದಿರಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ, ನಾನು ಅದನ್ನೇ ನೋಡುತ್ತಿದ್ದ ಹಾಗೇ, ಆರಿತು. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಆದರೂ ಗೋಡೆ ತಡಕುತ್ತಲೇ ಹೋಗಬೇಕಾಯಿತು.

ಅಬುಧಾಬಿಯಲ್ಲಿ ಕೆಲಸ ಮಾಡುವ ಅವರ ಮಗ ಕಳೆದ ವಾರ ಫೋನ್ ಮಾಡಿದ್ದ. “ಅಂಕಲ್, ಬಾಪ ಲೈಟು ನೋಡದೆ ಸೈನ್ ಹಾಕಿದ್ರು ಅಂತಾರೆ. ಬಾಪ ಹಾಗೆ ಮಾಡುವ ಜನ ಅಲ್ಲ ಅಲ್ವಾ?” ನಾನು ಮೀಟಿಂಗಿದೆ ಎಂದು ಫೋನ್ ಇಟ್ಟೆ.

ಅಲ್ಲ ಮಗ. ನಿನ್ನ ಬಾಪ ಕೇಳಿದ್ದರು, ನನ್ನ ಮುಖ ನೋಡಿಯೇ ಕೇಳಿದ್ದರು. ಸುಳ್ಳು ಹೇಳಿದವನು ನಾನು. ಇಲ್ಲಿವರೆಗೆ ಬರೆದ ಇದನ್ನು ಮೊದಲು ನಿನಗೆ ಕಳಿಸುತ್ತಿದ್ದೇನೆ, ಆಮೇಲೆ ವಿಚಾರಣೆಯವರಿಗೆ.